ಬಿಟ್ಟಿಯೂ ಉಚಿತವೂ

ಕನ್ನಡ ಎಂ.ಎ. ಮಾಡಿದವನಿಗೆ ಲೋಕದಲ್ಲಿ ಎರಡು ಬಗೆಯ ಕಷ್ಟಗಳುಂಟು. ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಯಾವುದೋ ಪದದ ಅರ್ಥ ಕೇಳಿ, ಅದು ತನಗೆ ತಿಳಿಯದೆ ಇರುವುದು ಒಂದು. ಕಂಪ್ಯೂಟರಿನ ಮುಂದೆ ಕುಳಿತಾಗ ಅದು ಏನನ್ನೋ ಕೇಳಿ, ಅದೂ ತಿಳಿಯದೆ ಇರುವುದು ಇನ್ನೊಂದು. ಮೊದಲನೆಯದಕ್ಕೆ ಇಪ್ಪತ್ತು ವರ್ಷಗಳ ಅಧ್ಯಾಪನದಿಂದ ಒಂದು ಉಪಾಯ ಕಂಡುಕೊಂಡಿದ್ದೇನೆ. "ಅದಕ್ಕೆ ಎರಡು ವ್ಯುತ್ಪತ್ತಿಗಳಿವೆ" ಎಂದು ಗಂಭೀರವಾಗಿ ಹೇಳಿ ಪಾಯಸದ ಕಡೆಗೆ ತಿರುಗುವುದು. ಎರಡನೆಯ ಕಷ್ಟಕ್ಕೆ ಇಂಥ ಉಪಾಯ ಯಾವುದೂ ಇಲ್ಲ. ಕಂಪ್ಯೂಟರು ಪಾಯಸ ಬಡಿಸುವುದಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ನನಗೆ ಎರಡನೆಯ ಕಷ್ಟ ಒದಗಿತು. ಅದನ್ನು ತಂದವರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಈಗ ಅವರಿಗೆ ಎಂಬತ್ತೆರಡು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ, ತೆಂಗಿನ ತೋಟದ ನಡುವಿನ ಹಳೆಯ ಮನೆಯಲ್ಲಿದ್ದಾರೆ. ಒಂದು ದಿನ ಬೆಳಿಗ್ಗೆ ಫೋನು ಮಾಡಿದರು.

"ನನ್ನ ಕಂಪ್ಯೂಟರಿಗೂ ನನ್ನಷ್ಟೇ ವಯಸ್ಸಾಗಿಬಿಟ್ಟಿದೆ ಕಣಯ್ಯ. ದಿನಾ ಎದ್ದೇಳೋಕೆ ಅರ್ಧ ಗಂಟೆ ಮಾಡುತ್ತೆ. ಅದು ಹೋಗೋದರೊಳಗೆ ಅದರ ಹೊಟ್ಟೆಯಲ್ಲಿರೋದನ್ನ ಹೊರಗೆ ತೆಗೆದುಕೊಡು. ನನ್ನ ಕಣ್ಣು ಹೋಗೋದರೊಳಗೆ ಅದನ್ನ ಒಂದು ಸಲ ಪುಸ್ತಕದ ಹಾಗೆ ನೋಡಬೇಕು."

ಕಣ್ಣಿನ ಮಾತು ಅಲಂಕಾರವಾಗಿರಲಿಲ್ಲ. ಅವರಿಗೆ ಗ್ಲಾಕೋಮ. ಹೋದ ದೃಷ್ಟಿ ಹಿಂದಕ್ಕೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದರು. ಕಂಪ್ಯೂಟರಿನ ಹೊಟ್ಟೆಯಲ್ಲಿದ್ದದ್ದು ಏನೆಂಬುದೂ ನನಗೆ ಗೊತ್ತಿತ್ತು. ನಿವೃತ್ತರಾದ ಮೇಲೆ, 2003ರಲ್ಲಿ ಅವರು ಆ ಯಂತ್ರವನ್ನು ಕೊಂಡರು. ಅಲ್ಲಿಂದ ಮುಂದೆ ಊರೂರು ತಿರುಗಿ, ಮುದುಕರ ಜಗಲಿಯ ಮೇಲೆ ಕುಳಿತು, ತಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನೆಲ್ಲ ಕೇಳಿ ಬರೆದುಕೊಂಡರು. ಮೇಣಿ, ನೊಗ, ಕೂರಿಗೆ, ಕುಂಟೆ, ಏತ, ಕಪಿಲೆ. ಹೊಂಬಾಳೆಯಿಂದ ಕರಟದವರೆಗೆ ತೆಂಗಿನ ಒಂದೊಂದು ಅವಸ್ಥೆಗೂ ಅಂಗಕ್ಕೂ ಇರುವ ಹೆಸರು. ಪಾವು, ಸೇರು, ಕೊಳಗ, ಖಂಡುಗಗಳ ಲೆಕ್ಕ. ಕಪಿಲೆ ಕಟ್ಟಿದ ಎತ್ತು ಹಿಂದೆ ಹಿಂದೆ ನಡೆಯುವಾಗ ಒಕ್ಕಲಿಗ ಏನೆಂದು ಕೂಗುತ್ತಿದ್ದ ಎಂಬುದೂ ಅದರಲ್ಲಿದೆ. ಹಾಗೆ ಕೂಗಿದವರಲ್ಲಿ ಈಗ ಯಾರೂ ಉಳಿದಿಲ್ಲ. ಎಲ್ಲ ಸೇರಿ 412 ಪುಟ. ಪಕ್ಕದಲ್ಲಿ ಮೇಷ್ಟ್ರು ಕೈಯಲ್ಲೇ ಬರೆದ ಚಿತ್ರಗಳು.

ನನಗೇನು, ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬಂದರಾಯಿತು ಎಂದುಕೊಂಡೆ. ಹಾಗೆಯೇ ತಂದೆ. ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಟೋಪಿ, ಸೊನ್ನೆ, ಬಾಲ. ಯಾವುದೋ ದೂರದೇಶದ ಜಾತ್ರೆಗೆ ಹೊರಟವರಂತೆ ಸಾಲಾಗಿ ನಿಂತಿವೆ. ಕಾರಣ ಆಮೇಲೆ ತಿಳಿಯಿತು. ಮೇಷ್ಟ್ರು ಬಳಸಿದ್ದು ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಲಿಪಿ. ಆ ಕಾಲದ ಕನ್ನಡ ಲಿಪಿಗಳು ಕಂಪ್ಯೂಟರಿನಲ್ಲಿ ಸ್ವಂತ ಮನೆಯಿಲ್ಲದ ಬಾಡಿಗೆದಾರರು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಕೊಂಬು, ತಲೆಕಟ್ಟು, ಒತ್ತುಗಳನ್ನು ಕೂರಿಸಿದ್ದರು. ಲಿಪಿ ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಮನೆಯ ಯಜಮಾನ ಬಾಗಿಲು ತೆರೆದು ಮುಖ ತೋರಿಸುತ್ತಾನೆ. ಹಳೆಯ ಲಿಪಿಯನ್ನು ನನ್ನ ಯಂತ್ರಕ್ಕೂ ಹಾಕಿ ನೋಡಿದೆ. ಅಕ್ಷರ ಬಂತು, ಆದರೆ ಸಾಲುಗಳು ಜರುಗಿ, ನೇಗಿಲಿನ ಚಿತ್ರ ಕಪಿಲೆಯ ವಿವರಣೆಯ ಮೇಲೆ ಹೋಗಿ ಕುಳಿತಿತ್ತು.

ಇಂಥ ರೋಗಕ್ಕೆಂದೇ ಹುಟ್ಟಿದ ಔಷಧಿ ಪಿ.ಡಿ.ಎಫ್. ಅಡೋಬಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಜಾನ್ ವಾರ್ನಾಕ್ 1991ರಲ್ಲಿ ಇದರ ಕಲ್ಪನೆ ಮಾಡಿದರು. ಯಾವ ಯಂತ್ರದಲ್ಲಿ ತೆರೆದರೂ, ಯಾವ ಮುದ್ರಕದಲ್ಲಿ ಅಚ್ಚು ಹಾಕಿದರೂ ಪುಟ ಇದ್ದಂತೆಯೇ ಇರಬೇಕೆಂಬುದು ಅವರ ಆಸೆ. 1993ರಲ್ಲಿ ಅದು ಲೋಕಕ್ಕೆ ಬಂತು. ಮೊದಮೊದಲು ಪುಟವನ್ನು ಬರಿದೆ ನೋಡುವ ತಂತ್ರಾಂಶಕ್ಕೂ ಹಣ ಕೊಡಬೇಕಾಗಿತ್ತಂತೆ. ಆಮೇಲೆ ನೋಡುವುದಕ್ಕೆ ಹಣವಿಲ್ಲ ಎಂದಾಯಿತು. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಎಂದರೆ ಅದರ ನಿಯಮಗಳು ಒಬ್ಬರ ಸೊತ್ತಾಗಿ ಉಳಿಯಲಿಲ್ಲ. ಯಾರು ಬೇಕಾದರೂ ಅವನ್ನು ಓದಿ ತಮ್ಮದೇ ತಂತ್ರಾಂಶ ಬರೆಯಬಹುದು. ಪಿ.ಡಿ.ಎಫ್.ನ ದೊಡ್ಡ ಗುಣವೆಂದರೆ ಅದು ಲಿಪಿಯನ್ನು ತನ್ನ ಜೊತೆಯಲ್ಲೇ ಕಟ್ಟಿಕೊಂಡು ಹೋಗಬಲ್ಲದು, ಬುತ್ತಿ ಕಟ್ಟಿಕೊಂಡು ಹೊರಟ ಯಾತ್ರಿಕನ ಹಾಗೆ. ಹೋದ ಊರಿನಲ್ಲಿ ಅನ್ನ ಸಿಕ್ಕರೂ ಸರಿ, ಸಿಕ್ಕದಿದ್ದರೂ ಸರಿ.

ಆದ್ದರಿಂದ ಮಾಡಬೇಕಾದದ್ದು ಇಷ್ಟು: ಪುಟಗಳು ಸರಿಯಾಗಿ ಕಾಣುವ ಮೇಷ್ಟರ ಯಂತ್ರದಲ್ಲೇ ಅವನ್ನು ಪಿ.ಡಿ.ಎಫ್. ಮಾಡುವುದು, ಅಲ್ಲೇ ಅವರಿಗೆ ತೋರಿಸುವುದು. ಆದರೆ ಯಂತ್ರ ಮುದಿಯದು. ವಿಂಡೋಸ್ ಎಕ್ಸ್‌ಪಿ, 256 ಎಂ.ಬಿ. ಸ್ಮರಣೆ. ಅದರ ಮೇಲೆ ಈಗಿನ ಕಾಲದ ಭಾರೀ ತಂತ್ರಾಂಶವನ್ನು ಹೇರುವುದೆಂದರೆ ಬಡಕಲು ಎತ್ತಿಗೆ ಲಾರಿಯ ಹೊರೆ ಹೊರಿಸಿದಂತೆ. ತಂತ್ರಾಂಶ ಹಗುರವಾಗಿರಬೇಕು. ಮೇಷ್ಟ್ರು ಪಿಂಚಣಿದಾರರು, ನಾನು ಮೇಷ್ಟ್ರಿಗೆ ತಕ್ಕ ಶಿಷ್ಯ. ಆದ್ದರಿಂದ ಬಿಟ್ಟಿಯಾಗಿಯೂ ಇರಬೇಕು.

'ಬಿಟ್ಟಿ' ಎಂದು ಹುಡುಕಿದರೆ ಸಿಗುವುದಕ್ಕೇನು ಬರ? ಮೊದಲ ದಿನವೇ ಮನೆಯಲ್ಲಿ ಕುಳಿತು ಒಂದನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅದು ಒಂಟಿಯಾಗಿ ಬರಲಿಲ್ಲ. ಜೊತೆಯಲ್ಲಿ ಒಂದು ಹುಡುಕುವ ಪಟ್ಟಿ, ಒಂದು ಹವಾಮಾನ ಹೇಳುವ ಗಡಿಯಾರ, ಯಂತ್ರವನ್ನು 'ಶುಚಿ' ಮಾಡುವೆನೆಂದು ಗಳಿಗೆಗೊಮ್ಮೆ ಬೆದರಿಸುವ ಇನ್ನೊಂದು! ಮದುವೆಗೆ ಕರೆದ ನೆಂಟ ಊರಿನವರನ್ನೆಲ್ಲ ಕರೆತಂದ ಹಾಗಾಯಿತು. ಅದು ಮಾಡಿಕೊಟ್ಟ ಪಿ.ಡಿ.ಎಫ್.ನ ಪ್ರತಿಯೊಂದು ಪುಟಕ್ಕೂ ಅಡ್ಡಲಾಗಿ ತನ್ನ ಹೆಸರಿನ ಮುದ್ರೆ ಒತ್ತಿತ್ತು. ಮುದ್ರೆ ಬೇಡವಾದರೆ ಹಣ ಕೊಡಬೇಕು. ಇನ್ನೊಂದು ಕಡೆ ಏನನ್ನೂ ಇಳಿಸಿಕೊಳ್ಳುವುದು ಬೇಡ, ಕಡತವನ್ನು ನಮಗೆ ಕಳಿಸಿ, ನಾವೇ ಮಾಡಿಕೊಡುತ್ತೇವೆ ಎಂದರು. ಕಳಿಸಲು ಬೆರಳು ಎತ್ತಿದವನು ನಿಲ್ಲಿಸಿದೆ. ಒಬ್ಬ ಮನುಷ್ಯನ ಹದಿನೆಂಟು ವರ್ಷದ ದುಡಿಮೆಯನ್ನು, ಮುಖ ಕಾಣದ ಯಾರದೋ ಮನೆಯ ಬಾಗಿಲಲ್ಲಿ ಇಟ್ಟು ಬರುವುದೆ?

ಹೆಂಡತಿ ಕಾಫಿ ತಂದಿಟ್ಟು ಪರದೆಯನ್ನು ನೋಡಿದಳು. "ಬಿಟ್ಟಿ ಅಂತ ತಂದದ್ದಕ್ಕೆ ಇಷ್ಟು ಒದ್ದಾಟವೆ? ಸಂತೆಯಲ್ಲಿ ಕೊಸರು ಕೊಡುವವನು ತೂಕದಲ್ಲಿ ಹೊಡೆದೇ ಇರುತ್ತಾನೆ" ಎಂದಳು. ಅವಳದು ಅರ್ಥಶಾಸ್ತ್ರ, ವಾದಿಸಿ ಪ್ರಯೋಜನವಿಲ್ಲ.

ಕೊನೆಗೆ ನೆರವಿಗೆ ಬಂದವನು ನಮ್ಮ ಕಾಲೇಜಿನ ಕಂಪ್ಯೂಟರು ಕೊಠಡಿಯನ್ನು ನೋಡಿಕೊಳ್ಳುವ ಹುಡುಗ. ಹಿಂದೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವನು. ಅವನು ನನ್ನ ಕಥೆಯನ್ನು ಎಚ್ಚರವಾಗಿಯೇ ಕೇಳಿದ.

"ಸಾರ್, ಮೊದಲನೆಯದಾಗಿ ಆ ಯಂತ್ರವನ್ನು ಇಂಟರ್‌ನೆಟ್ಟಿಗೆ ಸೇರಿಸಬೇಡಿ. ಎಕ್ಸ್‌ಪಿಗೆ ರಕ್ಷಣೆ ಕೊಡುವುದನ್ನು 2014ರ ಏಪ್ರಿಲ್‌ನಲ್ಲೇ ನಿಲ್ಲಿಸಿದ್ದಾರೆ. ಬೇಕಾದ್ದನ್ನು ಪೆನ್‌ಡ್ರೈವಿನಲ್ಲೇ ತೆಗೆದುಕೊಂಡು ಹೋಗಿ" ಎಂದು ಎರಡು ವಸ್ತುಗಳನ್ನು ತುಂಬಿಕೊಟ್ಟ.

ಒಂದು, ನೋಡುವುದಕ್ಕೆ: 'ಸುಮಾತ್ರ ಪಿ.ಡಿ.ಎಫ್.' ಕ್ಷಿಷ್ಟೋಫ್ ಕೊವಾಲ್ಚಿಕ್ ಎಂಬ ಒಬ್ಬ ತಂತ್ರಜ್ಞ 2006ರಿಂದ ಬರೆಯುತ್ತ ಬಂದದ್ದು. ಈಗಿನ ಅವತಾರಗಳು ಎಕ್ಸ್‌ಪಿಯಲ್ಲಿ ನಡೆಯುವುದಿಲ್ಲ. ಅದಕ್ಕೆ ಹೊಂದುವ ಹಳೆಯ ಅವತಾರವನ್ನೇ ಕೊಟ್ಟ. ಅದನ್ನು ಯಂತ್ರದಲ್ಲಿ ಸ್ಥಾಪಿಸಲೇ ಬೇಕೆಂದಿಲ್ಲ. ಪೆನ್‌ಡ್ರೈವಿನಲ್ಲಿರುವ ಒಂದೇ ಕಡತವನ್ನು ಒತ್ತಿದರೆ ತೆರೆದುಕೊಳ್ಳುತ್ತದೆ. ಪುಟ ತೋರಿಸುವುದು ಬಿಟ್ಟರೆ ಅದಕ್ಕೆ ಬೇರೆ ಆಸೆಗಳು ಕಡಿಮೆ. ಇನ್ನೊಂದು, ಮಾಡುವುದಕ್ಕೆ: ಹುಸಿ ಮುದ್ರಕ. ಕಂಪ್ಯೂಟರಿಗೆ ಅದು ನಿಜವಾದ ಮುದ್ರಕದ ಹಾಗೆ ಕಾಣುತ್ತದೆ. ಅಚ್ಚು ಹಾಕು ಎಂದು ಅಪ್ಪಣೆ ಕೊಟ್ಟರೆ ಕಾಗದದ ಮೇಲೆ ಹಾಕುವ ಬದಲು ಪಿ.ಡಿ.ಎಫ್. ಬರೆದಿಡುತ್ತದೆ. ಅದರ ಒಳಗೆ ಕೆಲಸ ಮಾಡುವುದು 'ಘೋಸ್ಟ್‌ಸ್ಕ್ರಿಪ್ಟ್' ಎಂಬ ತಂತ್ರಾಂಶ. 1988ರಲ್ಲಿ ಪೀಟರ್ ಡಾಯಿಚ್ ಎಂಬವರು ಮೊದಲು ಹೊರತಂದದ್ದು. ಹೆಸರಿಗೆ ತಕ್ಕಂತೆ ಭೂತವೇ: ಮುಂದೆ ಬೇರೆ ಯಾರೋ ನಿಂತಿರುತ್ತಾರೆ, ಹಿಂದೆ ದುಡಿಯುವುದು ಅದು.

"ಹೊಸ ಯಂತ್ರದಲ್ಲಾದರೆ ಇಷ್ಟು ಹುಡುಕಬೇಕಾಗಿಲ್ಲ ಸಾರ್. 2015ರಲ್ಲಿ ಬಂದ ವಿಂಡೋಸ್ 10ರಿಂದ ಈಚೆಗೆ ಇಂಥ ಮುದ್ರಕ ಒಳಗೇ ಇರುತ್ತದೆ. ಲಿಬ್ರೆ ಆಫೀಸಿನಲ್ಲಿ ಬರೆದರೆ ಅಲ್ಲಿಂದಲೇ ಪಿ.ಡಿ.ಎಫ್. ಮಾಡಬಹುದು. ಫೈರ್‌ಫಾಕ್ಸ್ ತಾನೇ ಪಿ.ಡಿ.ಎಫ್. ತೆರೆದು ತೋರಿಸುತ್ತದೆ. ಆದರೆ ಲಿಪಿಯನ್ನು ಒಳಗೆ ಸೇರಿಸು ಎಂಬ ಕಡೆ ಗುರುತು ಇದೆಯೋ ಇಲ್ಲವೋ ನೋಡಿಕೊಳ್ಳಿ. ಅದಿಲ್ಲದಿದ್ದರೆ ಎಲ್ಲ ವ್ಯರ್ಥ" ಎಂದ. ತರಗತಿಯಲ್ಲಿ ನಾನು ಛಂದಸ್ಸು ಹೇಳುವಾಗ ಇವನು ನಿದ್ದೆ ಮಾಡಿದ್ದು ಒಳ್ಳೆಯದೇ ಆಯಿತು, ಶಕ್ತಿ ಉಳಿಸಿಕೊಂಡಿದ್ದಾನೆ.

ಮರುದಿನ ತಿಪಟೂರಿನ ರೈಲು ಹತ್ತಿದೆ. ಮೇಷ್ಟರ ಹಜಾರದಲ್ಲಿ ಯಂತ್ರ ಎದ್ದು ಕೂರುವಷ್ಟರಲ್ಲಿ ಅಮ್ಮನವರು ಎರಡು ಸಲ ಕಾಫಿ ಕೊಟ್ಟರು. ಕಡತ ತೆರೆದೆವು. ಹುಸಿ ಮುದ್ರಕಕ್ಕೆ ಅಪ್ಪಣೆ ಕೊಟ್ಟೆ. ಯಂತ್ರ ಏದುಸಿರು ಬಿಟ್ಟಿತು. ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕುಳಿತು, ಹೆರಿಗೆಮನೆಯ ಹೊರಗಿನ ಅಜ್ಜನ ಹಾಗೆ, "ಆಯಿತೇನಯ್ಯ?" ಎಂದು ಕೇಳುತ್ತಿದ್ದರು. ನೂರಾ ಅರವತ್ತನೆಯ ಪುಟದಲ್ಲಿ ವಿದ್ಯುತ್ತು ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ. ಮಧ್ಯಾಹ್ನ ಮೂರಕ್ಕೆ 412ನೆಯ ಪುಟವೂ ಮುಗಿಯಿತು. ಸುಮಾತ್ರದಲ್ಲಿ ತೆರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೊದಲ ಪುಟ ಬಂತು. ಅಕ್ಷರಗಳನ್ನು ದೊಡ್ಡದು ಮಾಡುತ್ತ ಹೋದೆ. ಒಂದು ಸಾಲಿಗೆ ನಾಲ್ಕೇ ಪದ ಹಿಡಿಯುವಷ್ಟು ಆದಾಗ ಮೇಷ್ಟ್ರು "ಸಾಕು, ಸಾಕು" ಎಂದರು. ಮುಖವನ್ನು ಪರದೆಯ ಹತ್ತಿರ ತಂದು, ಬೆರಳಿಟ್ಟು, 'ಅಂಕಣ'ದಿಂದ ಓದತೊಡಗಿದರು. ನಾನೂ ಅಮ್ಮನವರೂ ಮಾತಾಡಲಿಲ್ಲ.

ಕಥೆ ಇಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ. ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮೊಮ್ಮಗಳಿಗೂ ಒಂದು ಪ್ರತಿ ಕಳಿಸಿದೆ. ಅವಳ ಯಂತ್ರದಲ್ಲೂ ಪುಟಗಳು ಇದ್ದಂತೆಯೇ ಕಂಡವು, ಚಿತ್ರ ಚಿತ್ರದ ಜಾಗದಲ್ಲೇ ಇತ್ತು. ಆದರೆ ಒಂದು ವಾರದಲ್ಲಿ ಅವಳ ಫೋನು ಬಂತು. "ಮಾವ, ಇದರಲ್ಲಿ 'ಕೂರಿಗೆ' ಅಂತ ಹುಡುಕಿದರೆ ಇಲ್ಲವೇ ಇಲ್ಲ ಅನ್ನುತ್ತೆ. ಪುಟ ತಿರುವಿದರೆ ಕಣ್ಣೆದುರಿಗೇ ಇದೆ!"

ಪರೀಕ್ಷಿಸಿದೆ. 'ಕೂರಿಗೆ' ಎಂಬುದನ್ನು ಪಿ.ಡಿ.ಎಫ್.ನಿಂದ ಎತ್ತಿ ಬೇರೆ ಕಡೆ ಇಟ್ಟೆ. ಮತ್ತೆ ಅದೇ ಟೋಪಿ ಹಾಕಿದ ಜಾತ್ರೆಯವರು! ಪಿ.ಡಿ.ಎಫ್. ರೂಪವನ್ನು ಉಳಿಸಿತ್ತು, ಮಾತನ್ನು ಉಳಿಸಿರಲಿಲ್ಲ. ಕಣ್ಣಿಗೆ ಕನ್ನಡ, ಯಂತ್ರದ ಪಾಲಿಗೆ ಇಂಗ್ಲಿಷಿನ ಕಸ. ಪದಕೋಶಕ್ಕೆ ಇದಕ್ಕಿಂತ ದೊಡ್ಡ ಊನ ಯಾವುದಿದೆ? ಹುಡುಕಿದವರಿಗೆ ಸಿಕ್ಕದ ಪದ, ಕಳೆದುಹೋದ ಪದಕ್ಕಿಂತ ಏನು ಹೆಚ್ಚು? ಮೇಷ್ಟ್ರು ಜಗಲಿಯಿಂದ ಜಗಲಿಗೆ ಹೋಗಿ ಉಳಿಸಿದ್ದನ್ನು ನಾನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಂದಿದ್ದೆ.

ಇದಕ್ಕೂ ದಾರಿಯಿತ್ತು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ಸ್ವಂತ ಮನೆಗಳಿವೆ. ಅಲ್ಲಿ 'ಕ' ಎಂದರೆ ಎಲ್ಲ ಯಂತ್ರಕ್ಕೂ 'ಕ'ವೇ. ಹಳೆಯ ಲಿಪಿಯ ಬರಹವನ್ನು ಯೂನಿಕೋಡಿಗೆ ಸಾಗಿಸುವ ಪರಿವರ್ತಕಗಳನ್ನೂ ಕನ್ನಡದ ಹುಡುಗರೇ ಬರೆದು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟಿದ್ದಾರೆ. ಮೂಲ ಕಡತವನ್ನು ಅದಕ್ಕೆ ಒಡ್ಡಿದೆ. ಬಹುಪಾಲು ಸರಿಯಾಗಿಯೇ ಬಂತು. ಅಲ್ಲಲ್ಲಿ ಅರ್ಕಾವೊತ್ತು ದಾರಿ ತಪ್ಪಿತ್ತು. ಮೇಷ್ಟ್ರು ಗಿಡಮರಗಳ ಶಾಸ್ತ್ರೀಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಪರಿವರ್ತಕ ಅವನ್ನೂ ಬಿಡದೆ ಕನ್ನಡ ಮಾಡಿ, ನಾಲಗೆ ತಿರುಗದ ಹೊಸ ಪದಗಳನ್ನು ಸೃಷ್ಟಿಸಿತ್ತು. ಫೋನಿನಲ್ಲಿ ಒಂದೆರಡನ್ನು ಕಷ್ಟಪಟ್ಟು ಓದಿ ಹೇಳಿದೆ. ಮೇಷ್ಟ್ರು ಬಹಳ ಹೊತ್ತು ನಕ್ಕರು. "ಇದು ನನ್ನ ಕೋಶದಲ್ಲೂ ಇಲ್ಲವಲ್ಲಯ್ಯ! ಯಾವ ಊರಿನ ಮಾತು?"

ಎಂದರೆ, ಪ್ರತಿಯೊಂದು ಪುಟವನ್ನೂ ಮನುಷ್ಯರೇ ಕುಳಿತು ತಿದ್ದಬೇಕು. ಇದನ್ನು ಮಾಡಿಕೊಡುವ ಹಗುರವಾದ ತಂತ್ರಾಂಶ ಎಲ್ಲಿಯೂ ಇಲ್ಲ.

ಇಲ್ಲಿ ನನ್ನ ವೃತ್ತಿಗೆ ಸಲ್ಲುವ ಒಂದು ಮಾತು ಹೇಳಿದರೆ ಓದುಗರು ಸಹಿಸಿಕೊಳ್ಳಬೇಕು. 'ಬಿಟ್ಟಿ' ಎಂಬುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಹೊಯ್ಸಳ ಬಿಟ್ಟಿದೇವನಿಗೂ ಇದಕ್ಕೂ ಸಂಬಂಧವಿಲ್ಲ. ಅವನ ಹೆಸರು ವಿಷ್ಣುವಿನಿಂದ ಬಂದದ್ದು. ವಿಷ್ಟಿ ಎಂದರೆ ಕೂಲಿ ಇಲ್ಲದ ದುಡಿತ. ದೊರೆಯ ಗದ್ದೆಯಲ್ಲಿ ರೈತ ಮಾಡಬೇಕಾಗಿದ್ದ ಬಿಟ್ಟಿ ಚಾಕರಿ. ಪಡೆದವನಿಗೆ ಬಿಟ್ಟಿಯಾಗಿ ಬಂದದ್ದನ್ನು ಯಾರೋ ಒಬ್ಬರು ಬಿಟ್ಟಿಯಾಗಿ ದುಡಿದೇ ಇರುತ್ತಾರೆಂದು ಪದವೇ ಹೇಳುತ್ತದೆ. ನಾವು ಪಡೆದವನ ಅರ್ಥವನ್ನು ಇಟ್ಟುಕೊಂಡು ದುಡಿದವನ ಅರ್ಥವನ್ನು ಮರೆತಿದ್ದೇವೆ. ಇದಕ್ಕೇ ನಮ್ಮಲ್ಲಿ ಇನ್ನೊಂದು ಪದವಿದೆ: 'ಉಚಿತ.' ಮೂಲದಲ್ಲಿ ಅದಕ್ಕೆ ತಕ್ಕದ್ದು, ಸಲ್ಲುವಂಥದ್ದು ಎಂದರ್ಥ. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರ ವಾದಿಸಿದ್ದು ಈ ಅರ್ಥದಲ್ಲಿಯೇ. ಹಣವಿಲ್ಲದೆ ಸಿಕ್ಕದ್ದಕ್ಕೆ ನಾವು ಈ ಹೆಸರನ್ನು ಹೇಗೆ ಕೊಟ್ಟೆವೋ! ಆದರೆ ಆ ಎರಡು ತಿಂಗಳು 'ಬಿಟ್ಟಿ'ಗೂ 'ಉಚಿತ'ಕ್ಕೂ ವ್ಯತ್ಯಾಸವುಂಟು ಎಂದು ನನಗೆ ಅನ್ನಿಸಿತು. ನೆಂಟರನ್ನು ಕರೆತಂದ, ಮುದ್ರೆ ಒತ್ತಿದ ತಂತ್ರಾಂಶ ಬಿಟ್ಟಿ. ಇಂದಲ್ಲ ನಾಳೆ ನನ್ನಿಂದ ವಸೂಲು ಮಾಡುವ ಬಿಟ್ಟಿ. ಯಾರೋ ವರ್ಷಗಟ್ಟಲೆ ಬರೆದು, ತಿದ್ದಿ, ಒಳಗಿನ ಬರಹವನ್ನೂ ತೆರೆದಿಟ್ಟು, ತೆಗೆದುಕೊಳ್ಳಿ ಎಂದದ್ದು ಬೇರೆ. ಅದನ್ನು ತೆಗೆದುಕೊಂಡವನು ತನ್ನ ಪಾಲಿನ ಕೆಲಸವನ್ನು ಮಾಡಿದಾಗ ಮಾತ್ರ ಅದು ಉಚಿತವಾಗುತ್ತದೆ.

ನಮ್ಮ ಪಾಲನ್ನು ಹಂಚಿಕೊಂಡಿದ್ದೇವೆ. ನಾನು ದಿನಕ್ಕೆ ನಾಲ್ಕು ಪುಟ ತಿದ್ದುತ್ತೇನೆ. ಮೊಮ್ಮಗಳು ಶಾಸ್ತ್ರೀಯ ಹೆಸರುಗಳನ್ನು ಮತ್ತೆ ಬರೆಯುತ್ತಾಳೆ. ಮೇಷ್ಟ್ರು ಹಳೆಯ ಪಿ.ಡಿ.ಎಫ್.ನ ಎರಡು ಪುಟವನ್ನು ದೊಡ್ಡ ಅಕ್ಷರದಲ್ಲಿ ಓದಿ, ತಾವೇ ಹಿಂದೆ ಮಾಡಿದ್ದ ತಪ್ಪುಗಳನ್ನು ಫೋನಿನಲ್ಲಿ ಹೇಳುತ್ತಾರೆ. ಎರಡು ಪುಟಕ್ಕಿಂತ ಹೆಚ್ಚು ಓದಿದರೆ ಕಣ್ಣಿಗೆ ಆಯಾಸ. ತಿದ್ದಿದ್ದನ್ನು ಲಿಬ್ರೆ ಆಫೀಸಿನಿಂದ ಪಿ.ಡಿ.ಎಫ್. ಮಾಡಿದರೆ ಈಗ 'ಕೂರಿಗೆ' ಕರೆದ ಕೂಡಲೇ ಓಗೊಡುತ್ತದೆ. ಒತ್ತಕ್ಷರದ ಪದಗಳು ಕೆಲವೊಮ್ಮೆ ಇನ್ನೂ ತಪ್ಪಿಸಿಕೊಳ್ಳುತ್ತವೆ. ಅದಕ್ಕಾಗಿ ತಿದ್ದಿದ ಮೂಲ ಕಡತವನ್ನೂ ಜೊತೆಗೇ ಇಡುತ್ತಿದ್ದೇವೆ. ಇದನ್ನು ಓದುತ್ತಿರುವವರಲ್ಲಿ ಯಾರ ಮನೆಯ ಮೂಲೆಯಲ್ಲಾದರೂ ಇಂಥ ಹಳೆಯ ಯಂತ್ರವಿದ್ದು, ಅದರಲ್ಲಿ ತಂದೆಯ ಬರಹವೋ ತಾಯಿಯ ಹಾಡುಗಳೋ ಹಳೆಯ ಲಿಪಿಯಲ್ಲಿ ಕುಳಿತಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಂದು ಸಲ ಅದನ್ನು ಎಬ್ಬಿಸಿ ನೋಡಲಿ.

ಮುಗಿದ ಮೇಲೆ ಪುಸ್ತಕಕ್ಕೆ ಬೆಲೆ ಎಷ್ಟಿಡೋಣ ಎಂದು ಮೇಷ್ಟ್ರನ್ನು ಕೇಳಿದೆ.

"ಆ ಮುದುಕರು ನನ್ನಿಂದ ದುಡ್ಡು ತಗೊಂಡು ಹೇಳಿದರೇನಯ್ಯ? ಮಜ್ಜಿಗೆ ಬೇರೆ ಕೊಟ್ಟು ಕಳಿಸಿದರು. ಕೇಳಿದವರಿಗೆ ಕೊಟ್ಟುಬಿಡು. ಅವರ ಹೆಸರು ಮಾತ್ರ ಒಂದೂ ಬಿಡದ ಹಾಗೆ ಮೊದಲ ಪುಟದಲ್ಲಿ ಹಾಕು" ಎಂದರು.

ನಾವು ಈಗ 'ತ'ಕಾರದಲ್ಲಿದ್ದೇವೆ. ನಿನ್ನೆ ರಾತ್ರಿ ಒಂಬತ್ತೂವರೆಗೆ ಮೇಷ್ಟರ ಫೋನು. ಇಷ್ಟು ಹೊತ್ತಿನಲ್ಲಿ ಏನಾಯಿತೋ ಎಂದು ಗಾಬರಿಯಿಂದ ಎತ್ತಿದೆ.

"ಏನಯ್ಯ, ಮೊಮ್ಮಗಳು ನಿನ್ನ ತಿದ್ದುಪಡಿ ಓದಿ ಹೇಳಿದಳು. 'ಕಪಿಲೆ'ಯಲ್ಲಿ ಎತ್ತು ಮುಂದಕ್ಕೆ ಹೋದಾಗ ನೀರು ಮೇಲಕ್ಕೆ ಬರುತ್ತೆ. ನೀನು 'ಹಿಂದಕ್ಕೆ' ಅಂತ ತಿದ್ದಿದ್ದೀಯಲ್ಲ! ಎಂ.ಎ. ಮಾಡಿದವನು, ಕಪಿಲೆ ನೋಡಿಲ್ಲವೆ?"

ನೋಡಿರಲಿಲ್ಲ. ಅದಕ್ಕೆ ಎರಡು ವ್ಯುತ್ಪತ್ತಿಗಳಿವೆ ಎಂದು ಹೇಳುವ ಧೈರ್ಯವೂ ಆಗಲಿಲ್ಲ. ಎದ್ದು ದೀಪ ಹಾಕಿ, ಆ ಪುಟ ತೆರೆದು ತಿದ್ದಿದೆ.